ಓಮದ ಬಿಸ್ಕತ್ತಿನ ವೆಚ್ಚ ಲೆಕ್ಕ

ದೊಡ್ಡ ಕಾರ್ಖಾನೆಯ ಬಿಸ್ಕತ್ತಿನೊಡನೆ ಬೆಲೆಯಲ್ಲಿ ಸ್ಪರ್ಧೆಗಿಳಿದ ಸಣ್ಣ ಬೇಕರಿ ಬಹುಕಾಲ ಬಾಳುವುದಿಲ್ಲ. ಮೈದಾ, ಸಕ್ಕರೆ, ವನಸ್ಪತಿಗಳನ್ನು ಲಾರಿಗಟ್ಟಲೆ ಕೊಳ್ಳುವವರ ದರ ಚೀಲದ ಲೆಕ್ಕದಲ್ಲಿ ಕೊಳ್ಳುವವರಿಗೆ ದೊರೆಯುವುದಿಲ್ಲ. ಆದರೆ ಕಾರ್ಖಾನೆಯು ಸುಲಭವಾಗಿ ತಯಾರಿಸಲಾರದ, ಸ್ಥಳೀಯ ನಾಲಿಗೆಗೆ ಒಗ್ಗಿದ ರುಚಿಯೊಂದನ್ನು ಹಿಡಿದುಕೊಂಡ ಬೇಕರಿಗೆ ತನ್ನದೇ ಗಿರಾಕಿಗಳಿರುತ್ತಾರೆ. ಸಿಹಿ ಬಿಸ್ಕತ್ತಿನ ಹಿಟ್ಟಿಗೆ ಓಮ, ಜೀರಿಗೆ, ಸಬ್ಬಸಿಗೆ, ಕರಿಬೇವುಗಳಂತಹ ಒಗ್ಗರಣೆಯ ಪರಿಮಳವನ್ನು ಬೆರೆಸುವುದು ಅಂತಹ ಒಂದು ಮಾರ್ಗ. ಬಾಗಲಕೋಟೆ ತಾಲ್ಲೂಕಿನ ಶಿರೂರಿನಂತಹ ಊರಿನಲ್ಲಿ ಒಂದೇ ಭಟ್ಟಿ, ಮೂವರು ಕೆಲಸಗಾರರು, ಒಂದು ದ್ವಿಚಕ್ರ ವಾಹನದೊಡನೆ ಈ ಉತ್ಪನ್ನವನ್ನು ತಯಾರಿಸಿ ಮಾರುವವರು ತಮ್ಮ ವೆಚ್ಚವನ್ನು ಹೇಗೆ ಲೆಕ್ಕ ಹಾಕಬೇಕು, ಲಾಭವು ಕೈಗೆ ತಿಳಿಯದಂತೆ ಎಲ್ಲಿ ಸೋರಿಹೋಗುತ್ತದೆ ಎಂಬುದೇ ಈ ಲೇಖನದ ವಿಷಯ.

ರುಚಿಯ ಹಿನ್ನೆಲೆ

ಸಿಹಿಯೊಳಗೆ ಖಾರದ ಸೊಪ್ಪು ಬೆರೆಸುವುದು ಕರ್ನಾಟಕಕ್ಕೆ ಹೊಸದೇನಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಹಾಸನ ಸೀಮೆಯ ಸಹೋದರರು ಆರಂಭಿಸಿದ ಬೆಂಗಳೂರು ಬ್ರದರ್ಸ್ ಬೇಕರಿಯಿಂದ ಅಯ್ಯಂಗಾರ್ ಬೇಕರಿಗಳ ಪರಂಪರೆಯನ್ನು ಗುರುತಿಸುವುದು ವಾಡಿಕೆ. ಆ ಬೇಕರಿಗಳ ಖಾರಾ ಬಿಸ್ಕತ್ತಿನಲ್ಲಿ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿಗಳ ಜೊತೆಗೆ ಸಕ್ಕರೆಯೂ ಇರುತ್ತದೆ. ನಾಲಿಗೆಗೆ ಮೊದಲು ಬೆಣ್ಣೆ, ಆನಂತರ ಸಿಹಿ, ಕೊನೆಗೆ ಖಾರ ತಾಗುವುದೇ ಅದರ ವಿಶೇಷ. ಉತ್ತರ ಕರ್ನಾಟಕದ ಬೇಕರಿಗಳಲ್ಲಿ ನಾನ್‌ಖಟಾಯಿಯ ಪಕ್ಕದ ಬರಣಿಯಲ್ಲಿ ಸಿಹಿ-ಉಪ್ಪು ಬೆರೆತ ಜೀರಾ ಬಿಸ್ಕತ್ತು, ಅಜವಾನದ ಬಿಸ್ಕತ್ತು ಇರುವುದನ್ನು ಓದುಗರು ಕಂಡಿರುತ್ತಾರೆ.

ಯುರೋಪಿನಲ್ಲಿಯೂ ಇದೇ ಪದ್ಧತಿಯುಂಟು. ಅಲ್ಲಿ ಬೆಣ್ಣೆ ಬಿಸ್ಕತ್ತಿಗೆ ರೋಸ್‌ಮರಿ, ಥೈಮ್ ಎಂಬ ಸೊಪ್ಪುಗಳನ್ನು ಸೇರಿಸುತ್ತಾರೆ. ಥೈಮ್ ಸೊಪ್ಪಿನ ಪರಿಮಳಕ್ಕೆ ಕಾರಣವಾದ ಥೈಮಾಲ್ ಎಂಬ ದ್ರವ್ಯವೇ ಓಮದ ಎಣ್ಣೆಯ ಪ್ರಧಾನ ಅಂಶ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಭಾರತದ ಓಮವು ಜರ್ಮನಿಗೆ ರಫ್ತಾಗಿ, ಅಲ್ಲಿ ಅದರಿಂದ ಥೈಮಾಲ್ ತೆಗೆಯಲಾಗುತ್ತಿತ್ತು. ನಗರದ ಅಂಗಡಿಗಳಲ್ಲಿ ವಿದೇಶಿ ಸೊಪ್ಪಿನ ಹೆಸರು ಹೊತ್ತು ದುಬಾರಿ ಬೆಲೆಗೆ ಮಾರಾಟವಾಗುವ ಕುಕೀ ಮತ್ತು ಹಳ್ಳಿಯ ಓಮದ ಬಿಸ್ಕತ್ತು ರುಚಿಯ ಮೂಲದಲ್ಲಿ ದಾಯಾದಿಗಳು. ಬೆಲೆಯಲ್ಲಿ ಮಾತ್ರ ಹಾಗಿಲ್ಲ. ಅದಕ್ಕೆ ಪೊಟ್ಟಣವೂ ಹೆಸರೂ ಕಾರಣವೇ ಹೊರತು ಕಾಳಲ್ಲ.

ಶಿರೂರಿನ ಸುತ್ತಲಿನ ಊರುಗಳಿಗೆ ಇದು ಅರ್ಥವಾಗದ ಮಾತಲ್ಲ. ಅಮೀನಗಡದ ಕರದಂಟು, ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ಎಂದೊಡನೆ ಊರಿನ ಹೆಸರೇ ಸರಕಿನ ಗುರುತಾಗುತ್ತದೆ. ಬಾದಾಮಿ, ಐಹೊಳೆ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು, ಕೂಡಲಸಂಗಮಗಳಿಗೆ ಬರುವ ಪ್ರವಾಸಿಗರು, ಬನಶಂಕರಿ ಜಾತ್ರೆಯ ಜನ, ಇವರೆಲ್ಲ ಮನೆಗೆ ಒಯ್ಯುವ ತಿನಿಸನ್ನು ಹುಡುಕುವವರು. ಆದರೆ ಮನೆಗೆ ಒಯ್ಯುವ ತಿನಿಸು ಮನೆ ಮುಟ್ಟುವವರೆಗೆ ಗರಿಗರಿಯಾಗಿ ಇರಬೇಕು. ಸೊಪ್ಪಿನ ಬಿಸ್ಕತ್ತು ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ.

ನಾದಿದ ತೂಕ, ಮಾರುವ ತೂಕ

ಉದಾಹರಣೆಗಾಗಿ 10 ಕಿಲೋ ಮೈದಾದ ಒಂದು ಕಂತನ್ನು ತೆಗೆದುಕೊಳ್ಳಬಹುದು. ಕೆಳಗಿನ ದರಗಳು ತೆರಿಗೆ ಹೊರತುಪಡಿಸಿದವು ಮತ್ತು ಲೆಕ್ಕದ ಅನುಕೂಲಕ್ಕಾಗಿ ಊಹಿಸಿದವು. ಪ್ರತಿಯೊಬ್ಬ ಉತ್ಪಾದಕರೂ ತಮ್ಮ ಖರೀದಿ ಬಿಲ್ಲಿನ ದರವನ್ನೇ ಹಾಕಿಕೊಳ್ಳಬೇಕು.

ಮೈದಾ 10 ಕಿಲೋ, 40 ರೂ. ದರ: 400.00
ಸಕ್ಕರೆ ಪುಡಿ 4 ಕಿಲೋ, 45 ರೂ. ದರ: 180.00
ಬೆಣ್ಣೆ 2 ಕಿಲೋ, 500 ರೂ. ದರ: 1,000.00
ವನಸ್ಪತಿ 3 ಕಿಲೋ, 140 ರೂ. ದರ: 420.00
ಹಾಲು 800 ಗ್ರಾಂ: 40.00
ಉಪ್ಪು 100 ಗ್ರಾಂ, ಬೇಕಿಂಗ್ ಪೌಡರ್ 100 ಗ್ರಾಂ: 20.00
ಓಮ 150 ಗ್ರಾಂ, 250 ರೂ. ದರ: 37.50
ಒಟ್ಟು 20.15 ಕಿಲೋ ಹಿಟ್ಟಿಗೆ: 2,097.50 ರೂ.

ಅನೇಕ ಬೇಕರಿಗಳಲ್ಲಿ ಮೊತ್ತವನ್ನು ತೂಕದಿಂದ ಭಾಗಿಸಿ, ಕಿಲೋಗೆ 104 ರೂ. 9 ಪೈಸೆ ಎಂದು ಬರೆದು ಸುಮ್ಮನಾಗುತ್ತಾರೆ. ಇದು ತಪ್ಪು. ಗಿರಾಕಿಗೆ ಮಾರುವುದು ಹಿಟ್ಟನ್ನಲ್ಲ, ಬಿಸ್ಕತ್ತನ್ನು. ಮೈದಾದಲ್ಲಿ ಸುಮಾರು ಶೇ. 13ರಷ್ಟು, ಬೆಣ್ಣೆಯಲ್ಲಿ ಸುಮಾರು ಶೇ. 16ರಷ್ಟು ನೀರಿರುತ್ತದೆ, ಹಾಲು ಬಹುಪಾಲು ನೀರೇ. ಗರಿಗರಿಯಾದ ಬಿಸ್ಕತ್ತಿನಲ್ಲಿ ಉಳಿಯಬೇಕಾದ ತೇವಾಂಶ ಶೇ. 3ರ ಆಸುಪಾಸು. ಉಳಿದ ನೀರು ಭಟ್ಟಿಯಲ್ಲಿ ಆವಿಯಾಗುತ್ತದೆ. ಪಾತ್ರೆ ಹಾಗೂ ಟ್ರೇಗಳಿಗೆ ಅಂಟಿ ಹೋಗುವುದೂ ಸೇರಿ ಈ ಕಂತಿನಲ್ಲಿ 1.90 ಕಿಲೋ ಇಳಿಯುತ್ತದೆ ಎಂದಿಟ್ಟುಕೊಂಡರೆ 18.25 ಕಿಲೋ ಬಿಸ್ಕತ್ತು ಹೊರಬರುತ್ತದೆ. ಮುರಿದದ್ದು, ಅಂಚು ಕರಿದಾದದ್ದು 750 ಗ್ರಾಂ ಎಂದರೆ ಮಾರಾಟಕ್ಕೆ ದೊರೆಯುವುದು 17.50 ಕಿಲೋ ಮಾತ್ರ. ಆಗ ಸಾಮಗ್ರಿ ವೆಚ್ಚ ಕಿಲೋಗೆ 119 ರೂ. 86 ಪೈಸೆ.

ಎರಡು ಅಂಕಿಗಳ ನಡುವಿನ ಅಂತರ 15 ರೂ. 77 ಪೈಸೆ. ಇದೇ ಕಂತಿನಲ್ಲಿ ಓಮದ ಪಾಲು ಕಿಲೋ ಬಿಸ್ಕತ್ತಿಗೆ 2 ರೂ. 14 ಪೈಸೆ. ಕಿರಾಣಿ ಅಂಗಡಿಯಲ್ಲಿ ಓಮದ ದರದ ಮೇಲೆ ಹತ್ತು ರೂಪಾಯಿಗಾಗಿ ಅರ್ಧ ಗಂಟೆ ಚೌಕಾಸಿ ಮಾಡುವವರು, ಭಟ್ಟಿಯ ಮುಂದೆ ಮುರಿದು ಬೀಳುವ ಬಿಸ್ಕತ್ತನ್ನು ತೂಗಿ ನೋಡುವುದಿಲ್ಲ.

ವೆಚ್ಚ ಲೆಕ್ಕಶಾಸ್ತ್ರದಲ್ಲಿ ಆವಿಯಾಗುವ ನೀರು, ವಾಡಿಕೆಯ ಪ್ರಮಾಣದ ಮುರಿತ ಇವನ್ನು ಸಾಮಾನ್ಯ ನಷ್ಟ ಎನ್ನುತ್ತಾರೆ. ಅದನ್ನು ಒಳ್ಳೆಯ ಸರಕೇ ಹೊರಬೇಕು. ಕೆಲಸಗಾರನ ಅಜಾಗರೂಕತೆಯಿಂದಲೋ ವಿದ್ಯುತ್ ಕೈಕೊಟ್ಟಿದ್ದರಿಂದಲೋ ಒಂದು ಟ್ರೇ ಪೂರ್ತಿ ಸುಟ್ಟುಹೋದರೆ ಅದು ಅಸಾಮಾನ್ಯ ನಷ್ಟ. ಅದನ್ನು ಬಿಸ್ಕತ್ತಿನ ಬೆಲೆಗೆ ಸೇರಿಸದೆ ನೇರವಾಗಿ ಲಾಭ-ನಷ್ಟದ ಖಾತೆಗೆ ಬರೆಯಬೇಕು. ಎರಡನ್ನೂ ಬೆರೆಸಿದರೆ ಒಂದು ಕೆಟ್ಟ ದಿನದ ವೆಚ್ಚವು ಇಡೀ ತಿಂಗಳ ಬೆಲೆಯನ್ನು ಏರಿಸುತ್ತದೆ, ಗಿರಾಕಿ ಬೇರೆ ಅಂಗಡಿ ನೋಡುತ್ತಾನೆ. ಮುರಿದ ಬಿಸ್ಕತ್ತನ್ನು ಅಗ್ಗದ ದರಕ್ಕೆ ಮಾರಿದರೆ ಬಂದ ಹಣವನ್ನು ಸಾಮಗ್ರಿ ವೆಚ್ಚದಿಂದ ಕಳೆಯಬೇಕೇ ವಿನಾ ಗಲ್ಲಾಪೆಟ್ಟಿಗೆಯಲ್ಲಿ ಬೇರೆ ಆದಾಯವೆಂದು ಮರೆಮಾಚಬಾರದು.

ಈಗ ಉಳಿದ ವೆಚ್ಚ. ಮೂವರ ಕೂಲಿ 2,400 ರೂ., ಇಂಧನ ಮತ್ತು ವಿದ್ಯುತ್ 900 ರೂ., ಬಾಡಿಗೆ, ಸವಕಳಿ ಇತ್ಯಾದಿ 660 ರೂ., ಒಟ್ಟು ದಿನಕ್ಕೆ 3,960 ರೂ. ಎಂದಿರಲಿ. ಭಟ್ಟಿ ಬಿಸಿಯಾದ ಮೇಲೆ ದಿನಕ್ಕೆ 6 ಗಂಟೆ ನಡೆಯುತ್ತದೆ. 15 ನಿಮಿಷಕ್ಕೊಂದು ಸುತ್ತಿನಂತೆ 24 ಸುತ್ತು, ಸುತ್ತಿಗೆ ಮಾರಾಟಯೋಗ್ಯ 3 ಕಿಲೋ, ಒಟ್ಟು 72 ಕಿಲೋ. ಕಿಲೋಗೆ 55 ರೂ. ಬೀಳುತ್ತದೆ. 250 ಗ್ರಾಂ ಪೊಟ್ಟಣ ಮತ್ತು ಚೀಟಿಗೆ 5 ರೂ.ನಂತೆ ಕಿಲೋಗೆ 20 ರೂ. ಒಟ್ಟು ವೆಚ್ಚ 194 ರೂ. 86 ಪೈಸೆ.

ಪೊಟ್ಟಣದ ಗರಿಷ್ಠ ಮಾರಾಟ ಬೆಲೆ 75 ರೂ., ಅಂದರೆ ಕಿಲೋಗೆ 300 ರೂ. ಎಂದು ಇಟ್ಟು, ಅಂಗಡಿಯವರಿಗೆ ಶೇ. 15 ಬಿಟ್ಟರೆ ಕೈಗೆ 255 ರೂ. ಬರುತ್ತದೆ. ಅದರಲ್ಲಿ ಶೇ. 5ರ ಸರಕು ಮತ್ತು ಸೇವಾ ತೆರಿಗೆ 12 ರೂ. 14 ಪೈಸೆ ತೆಗೆದರೆ ನಿಲ್ಲುವುದು 242 ರೂ. 86 ಪೈಸೆ. ಕಿಲೋಗೆ ಲಾಭ 48 ರೂ.

ಹಿಟ್ಟಿನ ತೂಕದಲ್ಲಿ ಲೆಕ್ಕ ಹಾಕುವವರಿಗೆ ಇದೇ ಲಾಭ 63 ರೂ. 77 ಪೈಸೆಯಾಗಿ ಕಾಣುತ್ತದೆ. ಈ ಭ್ರಮೆಯ ಫಲವೇನು? ಮದುವೆಯ ಮನೆಯವರೋ ಸಗಟು ವ್ಯಾಪಾರಿಯೋ 500 ಕಿಲೋ ಬೇಡಿಕೆ ತಂದು ತೆರಿಗೆ ಬಿಟ್ಟು ಕಿಲೋಗೆ 190 ರೂ. ಕೊಡುವುದಾಗಿ ಹೇಳುತ್ತಾರೆ ಎಂದಿಟ್ಟುಕೊಳ್ಳಬಹುದು. ತಪ್ಪು ಲೆಕ್ಕದಲ್ಲಿ ವೆಚ್ಚ 179 ರೂ. 9 ಪೈಸೆ, ಆದ್ದರಿಂದ 5,455 ರೂ. ಲಾಭವೆಂದು ಸಂತೋಷದಿಂದ ಒಪ್ಪಿಕೊಳ್ಳುತ್ತಾರೆ. ನಿಜವಾದ ಲೆಕ್ಕದಲ್ಲಿ 2,430 ರೂ. ನಷ್ಟ. ಭಟ್ಟಿ ಖಾಲಿ ಇರುವ ದಿನಗಳಲ್ಲಾದರೆ ಇಂತಹ ಬೇಡಿಕೆಯನ್ನು ಒಪ್ಪುವುದು ಸರಿಯೇ. ಸಾಮಗ್ರಿ ಮತ್ತು ಪೊಟ್ಟಣದ 139 ರೂ. 86 ಪೈಸೆ ಕಳೆದು ಕಿಲೋಗೆ 50 ರೂ.ಗಳಷ್ಟು ಕೂಲಿ-ಬಾಡಿಗೆಗಳ ಕಡೆಗೆ ದೊರೆಯುತ್ತದೆ. ಆದರೆ ಹಾಗೆ ಒಪ್ಪುವವರು ತಿಳಿದು ಒಪ್ಪಬೇಕು. ತಿಳಿಯದೆ ಒಪ್ಪಿದ ದರವು ಮುಂದಿನ ವರ್ಷದ ಮಾಮೂಲಿ ದರವಾಗಿ ಕೂರುತ್ತದೆ.

ಹಸಿ ಸೊಪ್ಪಿನೊಳಗಿನ ನೀರು

ಓಮದ ಬದಲಿಗೆ ಹಸಿ ಸಬ್ಬಸಿಗೆ ಸೊಪ್ಪನ್ನು ಬಳಸುವ ವಿಚಾರಕ್ಕೆ ಬರಬಹುದು. ಸಂತೆಯಲ್ಲಿ ಸೊಪ್ಪು ಅಗ್ಗ, ನೋಟವೂ ಚೆನ್ನ. 10 ಕಿಲೋ ಮೈದಾಗೆ 600 ಗ್ರಾಂ ಸೊಪ್ಪು, ಕಿಲೋಗೆ 50 ರೂ.ನಂತೆ 30 ರೂ. ಓಮಕ್ಕಿಂತ 7 ರೂ. 50 ಪೈಸೆ ಉಳಿತಾಯ. ಸಾಮಗ್ರಿ ವೆಚ್ಚ ಕಿಲೋಗೆ 119 ರೂ. 43 ಪೈಸೆಗೆ ಇಳಿಯುತ್ತದೆ.

ಆದರೆ ಈ 600 ಗ್ರಾಂನಲ್ಲಿ ನೀರು ಶೇ. 88 ಎಂದು ಹಿಡಿದರೂ 528 ಗ್ರಾಂ ನೀರೇ. ಸೊಪ್ಪಿನ ಸತ್ವ 72 ಗ್ರಾಂ ಮಾತ್ರ. ಈ ಅರ್ಧ ಕಿಲೋ ನೀರು ಬಿಸ್ಕತ್ತಿನಲ್ಲೇ ಉಳಿದರೆ ತೇವಾಂಶ ಶೇ. 3ರಿಂದ ಶೇ. 5ನ್ನು ದಾಟುತ್ತದೆ. ಮೊದಲ ದಿನ ಯಾರಿಗೂ ತಿಳಿಯುವುದಿಲ್ಲ. ವಾರ ಕಳೆಯುವುದರೊಳಗೆ ಬಿಸ್ಕತ್ತು ಮೆತ್ತಗಾಗಿ, ಇಳಕಲ್ಲಿನ ಅಂಗಡಿಯಿಂದ ಪೊಟ್ಟಣಗಳು ಮರಳಿ ಬರುತ್ತವೆ. ಕಿಲೋಗೆ 195 ರೂ. ವೆಚ್ಚದ ಸರಕು ಮರಳಿದರೆ ಅದನ್ನು ತುಂಬಲು 48 ರೂ. ಲಾಭದ ಒಳ್ಳೆಯ ಸರಕು 4 ಕಿಲೋಗಿಂತ ಹೆಚ್ಚು ಮಾರಬೇಕು. ನೂರು ಕಿಲೋದಲ್ಲಿ ಇಪ್ಪತ್ತು ಕಿಲೋ ಮರಳಿದ ತಿಂಗಳು ಬೇಕರಿಯು ಪುಕ್ಕಟೆ ದುಡಿದಂತಾಯಿತು. ಒಮ್ಮೆ ಮೆತ್ತಗಿನ ಬಿಸ್ಕತ್ತು ತಿಂದ ಗಿರಾಕಿ ಮರಳಿ ಬಾರದಿರುವುದು ಈ ಲೆಕ್ಕಕ್ಕೆ ಹೊರಗಿನ ಮಾತು.

ನೀರನ್ನು ಹೊರಹಾಕಲು ಹೆಚ್ಚು ಹೊತ್ತು ಬೇಯಿಸಬೇಕಾಗುತ್ತದೆ. ಉರಿ ಹೆಚ್ಚಿಸಿದರೆ ಅಂಚು ಕರಿದಾಗಿ ನಡುಭಾಗ ಹಸಿಯಾಗಿಯೇ ಉಳಿಯುತ್ತದೆ. ಉರಿಯನ್ನು ತಗ್ಗಿಸಿ ಸಮಯವನ್ನು ಹೆಚ್ಚಿಸುವುದೇ ದಾರಿ. ಪ್ರತಿ ಸುತ್ತಿಗೆ 15ರ ಬದಲು 18 ನಿಮಿಷ ಎಂದುಕೊಂಡರೆ 6 ಗಂಟೆಯಲ್ಲಿ 24 ಸುತ್ತಿನ ಬದಲು 20 ಸುತ್ತು, 72 ಕಿಲೋದ ಬದಲು 60 ಕಿಲೋ. ಅರ್ಧ ಕಿಲೋ ನೀರನ್ನು ಆವಿ ಮಾಡಲು ಬೇಕಾದ ಇಂಧನ ಅತ್ಯಲ್ಪ. ಆದ್ದರಿಂದಲೇ ಈ ವೆಚ್ಚ ಗ್ಯಾಸಿನ ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ಹೋಗುವುದು ಭಟ್ಟಿಯ ಸಮಯ.

ಮಾರಾಟದ ನಿವ್ವಳ ಬೆಲೆಯಿಂದ ಸಾಮಗ್ರಿ ಮತ್ತು ಪೊಟ್ಟಣದ ವೆಚ್ಚವನ್ನು ಮಾತ್ರ ಕಳೆದರೆ ಉಳಿಯುವ ಮೊತ್ತವನ್ನು ಕಾಂಟ್ರಿಬ್ಯೂಷನ್ ಎನ್ನುತ್ತಾರೆ. ಓಮದ ಬಿಸ್ಕತ್ತಿನಲ್ಲಿ ಇದು ಕಿಲೋಗೆ 103 ರೂ.; ಹಸಿ ಸಬ್ಬಸಿಗೆಯದರಲ್ಲಿ 103 ರೂ. 43 ಪೈಸೆ. ಕಿಲೋ ಲೆಕ್ಕದಲ್ಲಿ ಸಬ್ಬಸಿಗೆಯೇ ಮೇಲು. ಆದರೆ ಬೇಕರಿಯಲ್ಲಿ ಕೊರತೆಯಿರುವುದು ಹಿಟ್ಟಿಗಲ್ಲ, ಭಟ್ಟಿಯ ಗಂಟೆಗೆ. ಗಂಟೆಗೆ 12 ಕಿಲೋ ಬರುವ ಓಮದ ಬಿಸ್ಕತ್ತು 1,236 ರೂ. ಕೊಟ್ಟರೆ, 10 ಕಿಲೋ ಬರುವ ಸಬ್ಬಸಿಗೆಯದು 1,034 ರೂ. ಕೊಡುತ್ತದೆ. ದಿನಕ್ಕೆ 1,210 ರೂ., 25 ದಿನಗಳ ತಿಂಗಳಿಗೆ 30,250 ರೂ. ವ್ಯತ್ಯಾಸ. ಓಮದಲ್ಲಿ ಉಳಿಸಿದ ಏಳೂವರೆ ರೂಪಾಯಿಯ ಬೆನ್ನಿಗೆ ಇಷ್ಟು ದೊಡ್ಡ ಮೊತ್ತ ಹೊರಟುಹೋಗುತ್ತದೆ. ಊರಿನ ಬೇಡಿಕೆಯೇ ದಿನಕ್ಕೆ 60 ಕಿಲೋ ಮೀರದಿದ್ದರೆ ಈ ವ್ಯತ್ಯಾಸ ಉದ್ಭವಿಸದು. ಭಟ್ಟಿ ಬಿಡುವಿಲ್ಲದೆ ನಡೆಯುವ ಜಾತ್ರೆ, ದೀಪಾವಳಿಯ ದಿನಗಳಲ್ಲಿ ಇದು ಪೂರ್ತಿಯಾಗಿ ಅನ್ವಯಿಸುತ್ತದೆ.

ಹಾಗಾದರೆ ಸೊಪ್ಪನ್ನು ಕೈಬಿಡಬೇಕೆ? ಬೇಕಿಲ್ಲ. ಸೊಪ್ಪಿನ ನೀರನ್ನು ದುಬಾರಿಯಾದ ಭಟ್ಟಿಯಲ್ಲಿ ಆರಿಸುವ ಬದಲು ಪುಕ್ಕಟೆಯಾದ ಗಾಳಿಯಲ್ಲಿ ಆರಿಸಬೇಕು. ಬಾಗಲಕೋಟೆ ಸೀಮೆಯ ಒಣ ಹವೆಯು ಬೇಸಾಯಕ್ಕೆ ಶಾಪವೆನಿಸಿದರೂ ಈ ಕೆಲಸಕ್ಕೆ ವರ. ಮಂಗಳೂರಿನ ಬೇಕರಿಯವರಿಗೆ ಈ ಅನುಕೂಲವಿಲ್ಲ. ತೊಳೆದು ಬಸಿದ ಸೊಪ್ಪನ್ನು ನೆರಳಿನಲ್ಲಿ ತೆಳುವಾಗಿ ಹರಡಿ, ಧೂಳು ಬೀಳದಂತೆ ತೆಳುಬಟ್ಟೆ ಮುಚ್ಚಿ ಒಣಗಿಸಿದರೆ ಕಿಲೋ ಸೊಪ್ಪಿಗೆ ಸುಮಾರು 130 ಗ್ರಾಂ ಒಣ ಎಲೆ ಸಿಗುತ್ತದೆ. ಮೇಲಿನ ಕಂತಿಗೆ 600 ಗ್ರಾಂ ಹಸಿ ಸೊಪ್ಪಿನ ಬದಲು 78 ಗ್ರಾಂ ಒಣ ಎಲೆ ಸಾಕು. ಬಿಸಿಲಿನಲ್ಲಿ ಒಣಗಿಸಿದರೆ ಬಣ್ಣವೂ ಪರಿಮಳವೂ ಬೇಗ ಹೋಗುತ್ತವೆ. ಚಳಿಗಾಲದಲ್ಲಿ ಸೊಪ್ಪು ಅಗ್ಗವಿರುವಾಗ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟರೆ ಬೇಸಿಗೆಯ ದುಬಾರಿ ಸೊಪ್ಪನ್ನು ಕೊಳ್ಳುವ ಪ್ರಮೇಯವೂ ಇಲ್ಲ. ಕರಿಬೇವು, ಪುದೀನ, ಮೆಂತ್ಯಗಳಿಗೂ ಇದೇ ಕ್ರಮ. ಒಣಗಿಸುವ ವಿಧಾನದ ಬಗ್ಗೆ ವಿಚಾರಿಸಬೇಕೆನ್ನುವವರಿಗೆ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಬಾಗಲಕೋಟೆಯಲ್ಲೇ ಇದೆ. ಬೇಕರಿ ತಂತ್ರಜ್ಞಾನಕ್ಕೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯುಂಟು.

ಪರಿಮಳವೂ ಒಂದು ಆಸ್ತಿಯೇ, ಬೇಗ ಸವೆಯುವ ಆಸ್ತಿ. ಓಮ, ಜೀರಿಗೆಗಳ ಪರಿಮಳದ ಎಣ್ಣೆ ಕಾವಿಗೆ ಹಾರಿಹೋಗುತ್ತದೆ. ನುಣ್ಣಗೆ ಪುಡಿ ಮಾಡಿದರೆ ಇನ್ನೂ ಬೇಗ. ಕಾಳನ್ನು ಬಳಸುವ ದಿನವೇ ಒರಟಾಗಿ ಜಜ್ಜಿ, ಮೊದಲು ಬೆಣ್ಣೆ-ವನಸ್ಪತಿಯಲ್ಲಿ ಕಲಸಿ ಕೆಲವು ಗಂಟೆ ಬಿಟ್ಟು, ಆಮೇಲೆ ಸಕ್ಕರೆ ಹಾಗೂ ಮೈದಾ ಸೇರಿಸುವುದು ಒಳ್ಳೆಯದು. ಜಿಡ್ಡು ಪರಿಮಳವನ್ನು ಹಿಡಿದುಕೊಳ್ಳುತ್ತದೆ. ಕಡಿಮೆ ಕಾಳಿನಲ್ಲಿ ಹೆಚ್ಚು ರುಚಿ ಬರುತ್ತದೆ. ಓಮವನ್ನು ವರ್ಷಕ್ಕಾಗುವಷ್ಟು ಒಮ್ಮೆಲೇ ಕೊಂಡಿಡುವುದು ಉಳಿತಾಯದಂತೆ ಕಂಡರೂ, ಆರು ತಿಂಗಳ ಮೇಲೆ ಅದೇ ರುಚಿಗೆ ಹೆಚ್ಚು ಕಾಳು ಹಾಕಬೇಕಾಗುತ್ತದೆ, ಹೆಚ್ಚು ಹಾಕಿದರೆ ಕಹಿಯಾಗುತ್ತದೆ. ಮೊದಲು ಬಂದದ್ದನ್ನು ಮೊದಲು ಬಳಸುವ ಕ್ರಮ ದಾಸ್ತಾನು ಪುಸ್ತಕದಲ್ಲಿ ಮಾತ್ರವಲ್ಲ, ಡಬ್ಬಿಗಳ ಸಾಲಿನಲ್ಲಿಯೂ ಇರಬೇಕು.

ಮರಳಿನ ವಿಷಯವನ್ನೂ ಮರೆಯುವಂತಿಲ್ಲ. ಆಹಾರ ಸುರಕ್ಷತೆಯ ನಿಯಮಗಳ ಪ್ರಕಾರ ಬಿಸ್ಕತ್ತಿನಲ್ಲಿ ಆಮ್ಲದಲ್ಲಿ ಕರಗದ ಬೂದಿ ಶೇ. 0.1 ಮೀರಬಾರದು. ಸರಳವಾಗಿ ಹೇಳುವುದಾದರೆ ಇದು ಮಣ್ಣು-ಮರಳಿನ ಮಿತಿ. 18 ಕಿಲೋ ಬಿಸ್ಕತ್ತಿಗೆ ಎಲ್ಲ ಸಾಮಗ್ರಿಗಳಿಂದ ಸೇರಿ 18 ಗ್ರಾಂ ಮಾತ್ರ. ಕಪ್ಪು ನೆಲದ ಸೊಪ್ಪಿನ ಬುಡದಲ್ಲಿ ಎಷ್ಟು ಮಣ್ಣಿರುತ್ತದೆಂಬುದು ಮನೆಯಲ್ಲಿ ಸೊಪ್ಪು ತೊಳೆಯುವ ಹೆಂಗಸರಿಗೆ ಗೊತ್ತು. ಮೂರು ನೀರಿನಲ್ಲಿ ತೊಳೆಯದೆ ಒಣಗಿಸಿದರೆ ನೀರು ಹೋಗಿ ಮಣ್ಣು ಉಳಿಯುತ್ತದೆ. ವನಸ್ಪತಿಯ ಬಿಲ್ಲನ್ನೂ ಪರಿಶೀಲಿಸಬೇಕು: 2022ರ ಜನವರಿ 1ರಿಂದ ಟ್ರಾನ್ಸ್ ಕೊಬ್ಬಿನಾಂಶ ಶೇ. 2ನ್ನು ಮೀರುವಂತಿಲ್ಲ. ಹೆಸರಿಲ್ಲದ ಡಬ್ಬಿಯ ಅಗ್ಗದ ಜಿಡ್ಡನ್ನು ಕೊಂಡವರು ತಮ್ಮ ಪೊಟ್ಟಣದ ಹೊಣೆಯನ್ನು ಇನ್ನೊಬ್ಬರ ಮೇಲೆ ಹಾಕಲಾರರು.

ತೆರಿಗೆಯ ಹೊಸ ಲೆಕ್ಕ

2017ರ ಜುಲೈ 1ರಿಂದ ಬಿಸ್ಕತ್ತಿನ ಮೇಲೆ ಶೇ. 18ರ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿಯಿತು, ಬೆಣ್ಣೆಯ ಮೇಲಿನ ತೆರಿಗೆಯೂ ಶೇ. 12ರಿಂದ ಶೇ. 5ಕ್ಕೆ ಬಂದಿತು. ಸಣ್ಣ ಬೇಕರಿಗಳಿಗೆ ಇದರ ಅರ್ಥ ಬೆಲೆ ಇಳಿಕೆಗಿಂತ ಆಳವಾದದ್ದು. ರಾಜಿ ತೆರಿಗೆ ಪದ್ಧತಿಯ ಆಕರ್ಷಣೆಯೇ ಇದರಿಂದ ಬದಲಾಗಿದೆ.

ಮೇಲಿನ ಬೇಕರಿಯು ವರ್ಷಕ್ಕೆ 300 ದಿನ ನಡೆದರೆ ವಹಿವಾಟು ತೆರಿಗೆ ಬಿಟ್ಟು 52 ಲಕ್ಷ ರೂ. ದಾಟುತ್ತದೆ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ನೋಂದಣಿಯ ಮಿತಿ 40 ಲಕ್ಷ. ಆದ್ದರಿಂದ ನೋಂದಣಿ ಅನಿವಾರ್ಯ. ಒಂದೂವರೆ ಕೋಟಿಯವರೆಗೆ ರಾಜಿ ಪದ್ಧತಿಯ ಅವಕಾಶವಿದ್ದು, ಉತ್ಪಾದಕರು ವಹಿವಾಟಿನ ಶೇ. 1 ಕಟ್ಟಿದರೆ ಸಾಕು. ಆದರೆ ಖರೀದಿಯ ಮೇಲೆ ತೆತ್ತ ತೆರಿಗೆ ಜಮೆಯಾಗಿ ಮರಳದು, ಅದು ವೆಚ್ಚವೇ.

ಶೇ. 18ರ ಕಾಲದಲ್ಲಿ ಇದೇ 255 ರೂ.ಗಳಿಂದ 38 ರೂ. 90 ಪೈಸೆ ತೆರಿಗೆ ಹೋಗಿ 216 ರೂ. 10 ಪೈಸೆ ಉಳಿಯುತ್ತಿತ್ತು. ರಾಜಿ ಪದ್ಧತಿಯಲ್ಲಿ ತೆರಿಗೆ 2 ರೂ. 55 ಪೈಸೆ, ಮರಳದ ಖರೀದಿ ತೆರಿಗೆ ಸುಮಾರು 12 ರೂ. 28 ಪೈಸೆ ಕಳೆದರೂ 240 ರೂ. 17 ಪೈಸೆ ಉಳಿಯುತ್ತಿತ್ತು. ಕಿಲೋಗೆ 24 ರೂ. ಅನುಕೂಲ, ಬುದ್ಧಿವಂತರು ರಾಜಿಯಲ್ಲೇ ಇದ್ದರು. ಈಗ ಸಾಮಾನ್ಯ ಪದ್ಧತಿಯಲ್ಲಿ 242 ರೂ. 86 ಪೈಸೆ, ರಾಜಿಯಲ್ಲಿ ಮರಳದ ತೆರಿಗೆ 8 ರೂ. 28 ಪೈಸೆ ಕಳೆದು 244 ರೂ. 17 ಪೈಸೆ. ವ್ಯತ್ಯಾಸ 1 ರೂ. 31 ಪೈಸೆ ಮಾತ್ರ.

ಈ ಒಂದೂ ಕಾಲು ರೂಪಾಯಿಗಾಗಿ ಬಿಟ್ಟುಕೊಡುವುದೇನು? ರಾಜಿಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಬಾಗಲಕೋಟೆಯವರಿಗೆ ಸೊಲ್ಲಾಪುರ, ಸಾಂಗ್ಲಿಗಳು ಬೆಂಗಳೂರಿಗಿಂತ ಹತ್ತಿರದ ಪೇಟೆಗಳು. ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲವಾದ್ದರಿಂದ ಹುಬ್ಬಳ್ಳಿಯ ವಿತರಕರಿಗೆ ಜಮೆ ಸಿಗುವುದಿಲ್ಲ, ಅವರು ಬೇರೆಯವರ ಸರಕನ್ನು ನೋಡುತ್ತಾರೆ. ಹೊಸ ಭಟ್ಟಿ ಕೊಂಡರೆ ಅದರ ಮೇಲಿನ ತೆರಿಗೆಯೂ ಮುಳುಗುತ್ತದೆ. ಊರಿನೊಳಗೆ ನೇರವಾಗಿ ತಿನ್ನುವವರಿಗೇ ಮಾರುವ ಬೇಕರಿಗೆ ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟಿ ವರ್ಷಕ್ಕೊಂದು ರಿಟರ್ನ್ ಕೊಡುವ ಸರಳತೆಯೇ ದೊಡ್ಡದಿರಬಹುದು. ವಿತರಕರ ಮೂಲಕ ಬೆಳೆಯಬೇಕೆನ್ನುವವರು ಮಾತ್ರ ಹಳೆಯ ನಿರ್ಧಾರವನ್ನು ಮತ್ತೊಮ್ಮೆ ತೆರೆದು ನೋಡಬೇಕು. ರಾಜಿಯಿಂದ ಹೊರಬರುವ ದಿನ ಗೋದಾಮಿನಲ್ಲಿರುವ ಬೆಣ್ಣೆ, ಸಕ್ಕರೆ, ಪೊಟ್ಟಣಗಳ ಮೇಲಿನ ತೆರಿಗೆಯನ್ನು ಜಮೆ ಪಡೆಯುವ ಅವಕಾಶವಿದೆ. ಅದಕ್ಕೆ 30 ದಿನಗಳೊಳಗೆ ಘೋಷಣೆ ಸಲ್ಲಿಸಬೇಕು, ಬಿಲ್ಲುಗಳು ಕೈಯಲ್ಲಿರಬೇಕು.

ಚೀಟಿಯ ಮೇಲಿನ ಬರಹ

ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಿಕೆಯ ದಿನ, ಬಳಸಬಹುದಾದ ಕೊನೆಯ ದಿನ, ಕಂತಿನ ಸಂಖ್ಯೆ, ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿಯ 14 ಅಂಕಿಯ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇವು ಎಲ್ಲರಿಗೂ ತಿಳಿದ ಸಂಗತಿಗಳು. ಗೋಧಿ ಮತ್ತು ಹಾಲಿನ ಅಂಶವಿದೆಯೆಂಬ ಅಲರ್ಜಿ ಸೂಚನೆಯನ್ನು ಅನೇಕರು ಬಿಡುತ್ತಾರೆ, ಬಿಡಬಾರದು. ಓಮದ ಬಿಸ್ಕತ್ತಿನ ವಿಷಯದಲ್ಲಿ ವಿಶೇಷ ಎಚ್ಚರಿಕೆಯೊಂದುಂಟು. ಓಮ ಹೊಟ್ಟೆಗೆ ಹಿತವೆಂದು ಮನೆಮನೆಯ ಅಜ್ಜಿಯರು ಹೇಳುತ್ತಾರೆ. ಅದನ್ನೇ ಪೊಟ್ಟಣದ ಮೇಲೆ ಅಜೀರ್ಣ, ವಾಯು ಗುಣವಾಗುವುದೆಂದು ಅಚ್ಚು ಹಾಕಿಸಿದರೆ ಅದು ರೋಗ ವಾಸಿಮಾಡುವ ಘೋಷಣೆಯಾಗುತ್ತದೆ. ಜಾಹೀರಾತು ಮತ್ತು ಘೋಷಣೆಗಳ ಕುರಿತ 2018ರ ನಿಯಮಗಳು ಆಹಾರ ಪದಾರ್ಥಕ್ಕೆ ಇದನ್ನು ನಿಷೇಧಿಸಿವೆ. ಹತ್ತು ಸಾವಿರ ಚೀಟಿ ಅಚ್ಚು ಹಾಕಿಸಿ ಒಲೆಗೆ ಹಾಕುವುದಕ್ಕಿಂತ ಅಜ್ಜಿಯ ಮಾತನ್ನು ಅಜ್ಜಿಗೇ ಬಿಡುವುದು ಲೇಸು.

ದಿನದ ಕಂತು ಪುಸ್ತಕ

ಇಷ್ಟೆಲ್ಲ ಲೆಕ್ಕಕ್ಕೆ ಗಣಕಯಂತ್ರ ಬೇಕಿಲ್ಲ. ನೂರು ಪುಟದ ನೋಟುಬುಕ್ಕಿನಲ್ಲಿ ಕಂತಿಗೊಂದು ಸಾಲು ಸಾಕು: ದಿನಾಂಕ, ಕಂತಿನ ಸಂಖ್ಯೆ, ನಾದಿದ ತೂಕ, ಭಟ್ಟಿಯಿಂದ ಬಂದ ತೂಕ, ಮುರಿದದ್ದು, ತುಂಬಿದ ಪೊಟ್ಟಣ, ಭಟ್ಟಿ ನಡೆದ ಗಂಟೆ, ಮುಂದೆ ಮರಳಿ ಬಂದ ಪೊಟ್ಟಣ. ಪೊಟ್ಟಣದ ಮೇಲಿನ ಕಂತಿನ ಸಂಖ್ಯೆಯೂ ಪುಸ್ತಕದ ಸಂಖ್ಯೆಯೂ ಒಂದೇ ಆಗಿದ್ದರೆ ಮೆತ್ತಗಾಗಿ ಮರಳಿದ ಸರಕು ಯಾವ ದಿನದ್ದು, ಅಂದು ಎಷ್ಟು ನಿಮಿಷ ಬೇಯಿಸಲಾಗಿತ್ತು ಎಂಬುದು ಕೂಡಲೇ ಸಿಗುತ್ತದೆ. 20.15 ಕಿಲೋ ನಾದಿದ ಕಂತಿನಿಂದ ಎಂದಿನ 18.25ರ ಬದಲು 18.75 ಕಿಲೋ ಬಂದಿದ್ದರೆ ಸಂತೋಷಪಡುವಂತಿಲ್ಲ. ಹೆಚ್ಚು ಬಂದ ಅರ್ಧ ಕಿಲೋ ಬಿಸ್ಕತ್ತಲ್ಲ, ನೀರು. ಆ ಕಂತನ್ನು ಶಿರೂರಿನ ಗಲ್ಲೆಯಲ್ಲೇ ಎರಡು ದಿನದೊಳಗೆ ಮಾರಿ ಮುಗಿಸಬೇಕೇ ಹೊರತು ಬಾದಾಮಿಯ ಅಂಗಡಿಗೆ ಕಳಿಸಬಾರದು.

ಬೆಲೆಯನ್ನು ಮರುಪರಿಶೀಲಿಸುವ ಕಾಲವನ್ನೂ ಈ ಪುಸ್ತಕವೇ ತಿಳಿಸುತ್ತದೆ. ಓಮದ ದರ ಕಿಲೋಗೆ 100 ರೂ. ಏರಿದರೂ ಕಿಲೋ ಬಿಸ್ಕತ್ತಿನ ವೆಚ್ಚ ಏರುವುದು 86 ಪೈಸೆ. ಬೆಣ್ಣೆ ಕಿಲೋಗೆ 20 ರೂ. ಏರಿದರೆ 2 ರೂ. 29 ಪೈಸೆ ಏರುತ್ತದೆ. ಮುರಿತವು 750 ಗ್ರಾಂನಿಂದ ಒಂದೂವರೆ ಕಿಲೋಗೆ ಹೋದರೆ, ಯಾವ ದರವೂ ಏರದೆ, ಸಾಮಗ್ರಿ ವೆಚ್ಚವೊಂದೇ 5 ರೂ. 37 ಪೈಸೆ ಏರಿರುತ್ತದೆ.